ಒಂದೇ ಐಪಿ ವಿಳಾಸ, ನೂರಾರು ಮನೆ: ಇಂಟರ್ನೆಟ್ ವಿಳಾಸದ ಬರ ನಮ್ಮೂರಿಗೂ ಬಂದದ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ನಾನು ಆಳಂದ ತಾಲ್ಲೂಕಿನ ನರೋಣಾದಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಇಂಟರ್ನೆಟ್ ವಿಳಾಸ, ಅಂದ್ರೆ ಐಪಿ ಅಡ್ರೆಸ್. "ಇದು ಎಂಜಿನಿಯರ್ ಮಂದಿ ವಿಷಯ, ನಮಗ್ಯಾಕ?" ಅಂತ ಈಗಲೇ ಮುಂದಿನ ಸಂಚಿಕೆಗೆ ಹೋಗಬ್ಯಾಡ್ರಿ. ಮೊದಲು ಮೂರು ಪ್ರಶ್ನೆ ಕೇಳ್ತೀನಿ.

ಒಂದು, ಯಾವುದೋ ವೆಬ್‌ಸೈಟಿಗೆ ದಿನದಾಗ ಮೊದಲ ಸಲ ಹೋದ್ರೂ "ನಿಮ್ಮ ವಿಳಾಸದಿಂದ ಬಹಳ ಸಲ ಪ್ರಯತ್ನ ಆಗಿದೆ, ಆಮೇಲೆ ಬನ್ನಿ" ಅಂತ ಬಂದದ? ಎರಡು, ಗೆಳೆಯರ ಜೊತೆ ಆನ್‌ಲೈನ್ ಗೇಮ್ ಆಡಾಕ ಕೂತಾಗ "ನ್ಯಾಟ್ ಟೈಪ್ ಸ್ಟ್ರಿಕ್ಟ್" ಅಂತ ತೋರಿಸಿ ಕನೆಕ್ಟ್ ಆಗಿಲ್ಲ? ಮೂರು, ಹೊಲದಾಗ ಅಥವಾ ಅಂಗಡಿಯೊಳಗ ಸಿಸಿ ಕ್ಯಾಮೆರಾ ಹಾಕಿಸಿದ ಮೇಲೆ, ಮನೆ ವೈಫೈನಲ್ಲಿ ಕಾಣಿಸಿದ್ದು ಊರು ದಾಟಿದ ಕೂಡಲೇ ಕಾಣಿಸದಂಗ ಆಗಿದೆಯಾ?

ಇವುಗಳಲ್ಲಿ ಯಾವುದಕ್ಕಾದ್ರೂ ನಿಮ್ಮ ಉತ್ತರ "ಹೌದು" ಆಗಿದ್ರೆ, ನಿಮಗೆ ಬಹುಶಃ ವಿಳಾಸದ ಬರ ತಟ್ಟಿದೆ. ಈ ಬರಕ್ಕೆ ಕಂಡುಕೊಂಡ ತಾತ್ಕಾಲಿಕ ಪರಿಹಾರದಲ್ಲಿ ಇನ್ನೊಂದು ದೊಡ್ಡ ಅಪಾಯ ಅದ. ಮಾಡದ ತಪ್ಪಿಗೆ ಪೊಲೀಸರು ನಿಮ್ಮ ಮನೆ ಬಾಗಿಲಿಗೆ ಬರೋದಕ್ಕೂ ಅದು ಕಾರಣ ಆಗಬಹುದು. ಬೆಂಗಳೂರಲ್ಲಿ ಐಪಿ ವಿಳಾಸದ ಮಾಹಿತಿ ತಪ್ಪಾಗಿ ಒಬ್ಬರು 50 ದಿನ ಜೈಲಲ್ಲಿದ್ದರು. ಅಲ್ಲಿಗೂ ಬರ್ತೀನಿ. ಮೊದಲು ಬರ ಹೆಂಗ ಬಂತು ಅಂತ ನೋಡೋಣ.

429 ಕೋಟಿ ಯಾಕೆ ಸಾಲಲಿಲ್ಲ?

ಇಂಟರ್ನೆಟ್ಟಿಗೆ ಸೇರುವ ಯಾವುದೇ ಸಾಧನಕ್ಕೆ ಒಂದು ವಿಳಾಸ ಬೇಕು. ಟಪಾಲು ಬರಬೇಕಾದ್ರೆ ಮನೆ ವಿಳಾಸ ಬೇಕಲ್ರಿ, ಹಾಗೇ. ನೀವು ಯೂಟ್ಯೂಬಿನಲ್ಲಿ ಹಾಡು ಒತ್ತಿದ್ರೆ ಆ ಹಾಡು ಯಾರ ಫೋನಿಗೆ ಬರಬೇಕು ಅಂತ ಅಲ್ಲಿನ ಸರ್ವರಿಗೆ ಗೊತ್ತಾಗೋದು ಆ ವಿಳಾಸದಿಂದ.

ಈಗಲೂ ಬಳಕೆಯಲ್ಲಿರುವ ಹಳೇ ಪದ್ಧತಿಯ ಹೆಸರು ಐಪಿವಿ4. ಇದರ ನಿಯಮಾವಳಿ ಪ್ರಕಟವಾಗಿದ್ದು 1981ರ ಸೆಪ್ಟೆಂಬರಿನಲ್ಲಿ. ಇದರಲ್ಲಿ ವಿಳಾಸದ ಉದ್ದ 32 ಬಿಟ್. ಲೆಕ್ಕ ಹಾಕಿದ್ರೆ ಒಟ್ಟು 4,29,49,67,296 ವಿಳಾಸ ಆಗ್ತಾವ, ಅಂದ್ರೆ 429 ಕೋಟಿ ಚಿಲ್ಲರೆ. ಆವಾಗ ಈ ಜಾಲಕ್ಕೆ ಸೇರಿದ್ದ ಕಂಪ್ಯೂಟರ್ ಅಂದ್ರೆ ಹೆಚ್ಚಾಗಿ ದೊಡ್ಡ ಯಂತ್ರ. ಅವು ಇದ್ದಿದ್ದು ಹೆಚ್ಚಾಗಿ ವಿಶ್ವವಿದ್ಯಾಲಯ, ಸೈನ್ಯ, ದೊಡ್ಡ ಕಂಪನಿಗಳ ಹತ್ತಿರ. ಒಬ್ಬ ಮನುಷ್ಯನ ಕಿಸೆಯೊಳಗ ಒಂದು, ಮನೆಯೊಳಗ ಎರಡು, ಕೈಗಡಿಯಾರದಾಗ ಒಂದು ಇರ್ತದ ಅಂತ ಯಾರಿಗೂ ಅನಿಸಿರಲಿಲ್ಲ.

ಈಗ ಜಗತ್ತಿನ ಜನಸಂಖ್ಯೆಯೇ 800 ಕೋಟಿ ದಾಟಿದೆ. ತಲೆಗೊಂದು ಕೊಟ್ರೂ ಅರ್ಧ ಮಂದಿಗೆ ಸಿಗೋದಿಲ್ಲ. ಅದರ ಮೇಲೆ ಹಂಚಿಕೆ ಕೂಡ ಸಮನಾಗಿ ಆಗಲಿಲ್ಲ. ಮೊದಲು ಬಂದವರು ರಾಶಿ ರಾಶಿ ತಗೊಂಡರು. ಅಮೆರಿಕದ ಪಾಲಿಗೆ ಸುಮಾರು 160 ಕೋಟಿ ವಿಳಾಸ ಅವ. 140 ಕೋಟಿಗೂ ಹೆಚ್ಚು ಜನ ಇರುವ ಭಾರತದ ಪಾಲಿಗೆ ಬಂದಿದ್ದು ಸುಮಾರು 4 ಕೋಟಿ. ಅಂದ್ರೆ ನಮ್ಮಲ್ಲಿ ಸರಾಸರಿ 35 ಮಂದಿಗೆ ಒಂದು ವಿಳಾಸ. ನಾವು ಪಂಕ್ತಿಗೆ ತಡವಾಗಿ ಬಂದವರು, ಅಷ್ಟರೊಳಗ ಹೋಳಿಗೆ ಖಾಲಿ ಆಗಿತ್ತು.

ಖಾಲಿ ಆದ ತಾರೀಖು ಕೂಡ ದಾಖಲಾಗಿದೆ. 2011ರ ಫೆಬ್ರುವರಿ 3ರಂದು ಜಾಗತಿಕ ಉಗ್ರಾಣದಲ್ಲಿ ಉಳಿದಿದ್ದ ಕೊನೆಯ ಐದು ಗಂಟುಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಿದರು. ಒಂದೊಂದು ಗಂಟಿನಲ್ಲಿ 1 ಕೋಟಿ 67 ಲಕ್ಷ ವಿಳಾಸ. ನಮ್ಮ ಏಷ್ಯಾ ಪೆಸಿಫಿಕ್ ಭಾಗವನ್ನು ನೋಡಿಕೊಳ್ಳುವ ಸಂಸ್ಥೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್. ಐದರಲ್ಲಿ ಮೊದಲು ಬರಿದಾಗಿದ್ದು ಅದೇ. ಎರಡೇ ತಿಂಗಳಲ್ಲಿ, 2011ರ ಏಪ್ರಿಲ್ 15ಕ್ಕೆ, ಅದು ಕೊನೆಯ ಗಂಟಿಗೆ ಬಂದು ನಿಂತು ರೇಷನ್ ಶುರು ಮಾಡಿತು. ಹೊಸದಾಗಿ ಬಂದವರಿಗೆ ಈಗ ಹೆಚ್ಚೆಂದರೆ 512 ವಿಳಾಸ, ಅಷ್ಟೇ.

ಪಿಪಿ ನಂಬರ್ ಗೊತ್ತೇನ್ರಿ?

"2011ಕ್ಕೇ ಖಾಲಿ ಆಗಿದ್ರೆ ನನ್ನ ಫೋನ್ ಇವತ್ತು ಹೆಂಗ ನಡೀತದ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಉತ್ತರಕ್ಕೆ ನಿಮ್ಮ ಅಪ್ಪನ ಕಾಲದ ಒಂದು ಮಾತು ನೆನಪಿಸ್ತೀನಿ.

ಊರಿಗೆ ನಾಲ್ಕೈದೇ ಲ್ಯಾಂಡ್‌ಲೈನ್ ಇದ್ದ ದಿನಗಳಲ್ಲಿ ಲಗ್ನಪತ್ರಿಕೆ ಮೇಲೆ ಫೋನ್ ನಂಬರ್ ಹಾಕಿ ಪಕ್ಕದಲ್ಲಿ "ಪಿಪಿ" ಅಂತ ಬರೀತಿದ್ರು. ಅಂದ್ರೆ ಈ ನಂಬರ್ ನಮ್ಮದಲ್ಲ, ಪಕ್ಕದ ಮನೆಯವರದ್ದು. ನೀವು ಫೋನ್ ಮಾಡಿ ಹೆಸರು ಹೇಳ್ರಿ, ಅವರು ನಮ್ಮನ್ನ ಕರೀತಾರ ಅಂತ ಅರ್ಥ. ಒಂದು ನಂಬರ್, ಇಡೀ ಓಣಿ. ನಂಬಿಕೆ ಬರದಿದ್ರೆ ಮನೆಯಲ್ಲಿ ಹಿರಿಯರನ್ನ ಕೇಳ್ರಿ.

ಇಂಟರ್ನೆಟ್ ಕೂಡ ಅದನ್ನೇ ಮಾಡ್ತು. ಈ ಉಪಾಯದ ಹೆಸರು ನ್ಯಾಟ್. 1994ರಲ್ಲಿ ಇದರ ವಿವರ ಪ್ರಕಟ ಆಯ್ತು. ನಿಮ್ಮ ಮನೆ ವೈಫೈ ಡಬ್ಬಿ, ಅಂದ್ರೆ ರೌಟರ್, ಹೊರಗಿನ ಜಗತ್ತಿಗೆ ಒಂದೇ ವಿಳಾಸ ತೋರಿಸ್ತದ. ಒಳಗಿರುವ ಫೋನು, ಟಿವಿ, ಲ್ಯಾಪ್‌ಟಾಪಿಗೆ ಮನೆಯೊಳಗ ಮಾತ್ರ ನಡೆಯುವ ವಿಳಾಸ ಹಂಚ್ತದ. 192.168 ಅಂತ ಶುರುವಾಗುವ ವಿಳಾಸ ನೋಡಿದ್ದೀರಲ್ಲ, ಅವು ಈ ತರದ ಖಾಸಗಿ ವಿಳಾಸ. ಇಂಥ ಬಳಕೆಗೆ ಅಂತಲೇ ಬೇರೆ ತೆಗೆದಿಟ್ಟಿದ್ದು. ನಿಮ್ಮ ಮನೆಯಲ್ಲೂ ಅದೇ ವಿಳಾಸ, ನಿಮ್ಮ ಕಾಕಾನ ಮನೆಯಲ್ಲೂ ಅದೇ ವಿಳಾಸ ಇದ್ರೂ ತಂಟೆ ಇಲ್ಲ.

ಉತ್ತರ ವಾಪಸ್ ಬಂದಾಗ ಯಾರಿಗೆ ಕೊಡಬೇಕು ಅಂತ ರೌಟರಿಗೆ ಹೆಂಗ ತಿಳೀತದ? ಅದು ಟೋಕನ್ ಕೊಡ್ತದ. ದವಾಖಾನೆಯಲ್ಲಿ ಚೀಟಿ ನಂಬರ್ ಕೊಟ್ಟಂಗ, ಹೊರಗೆ ಹೋಗುವ ಒಂದೊಂದು ಸಂಪರ್ಕಕ್ಕೂ ಒಂದು ನಂಬರ್. ಇದಕ್ಕೆ ಪೋರ್ಟ್ ಅಂತಾರ. ಒಂದು ವಿಳಾಸಕ್ಕೆ 65,536 ಪೋರ್ಟ್ ಇರ್ತಾವ. ಈ ಪೋರ್ಟ್ ಅನ್ನೋ ಮಾತನ್ನ ನೆನಪಿಟ್ಕೊಳ್ರಿ, ಮುಂದೆ ಜೈಲಿನ ಕಥೆಯಲ್ಲಿ ಬೇಕಾಗ್ತದ.

ಮನೆ ಹೋಗಿ ಊರು ಬಂತು

ಮನೆಗೊಂದು ವಿಳಾಸ ಇದ್ದಷ್ಟು ದಿನ ಇದು ನಡೀತು. ಆಮೇಲೆ ಮನೆಗೊಂದು ಕೊಡೋಕೂ ಇಲ್ಲದಂಗ ಆಯ್ತು. ನಮ್ಮ ಭಾಗದ ಪರಿಸ್ಥಿತಿಯನ್ನೇ ತಗೊಳ್ರಿ. ಒಬ್ಬ ಕೇಬಲ್ ಆಪರೇಟರ್ ಹಳ್ಳಿಗಳಿಗೆ ಫೈಬರ್ ಎಳೆದು 2,000 ಮನೆಗೆ ಇಂಟರ್ನೆಟ್ ಕೊಡ್ತಾನ ಅಂತಿಟ್ಕೊಳ್ರಿ. ಅವನು ಹೊಸದಾಗಿ ಅರ್ಜಿ ಹಾಕಿದ್ರೆ ಸಿಗೋದು ಹೆಚ್ಚೆಂದರೆ 512 ವಿಳಾಸ. ಉಳಿದಿದ್ದನ್ನ ಪೇಟೆಯಲ್ಲಿ ಕೊಳ್ಳಬೇಕು.

ಹೌದ್ರಿ, ಐಪಿ ವಿಳಾಸಕ್ಕೂ ಪೇಟೆ ಅದ. 2011ರಲ್ಲಿ ದಿವಾಳಿಯಾದ ನಾರ್ಟೆಲ್ ಅನ್ನೋ ಕಂಪನಿಯಿಂದ ಮೈಕ್ರೋಸಾಫ್ಟ್ 6,66,624 ವಿಳಾಸಗಳನ್ನ 75 ಲಕ್ಷ ಡಾಲರಿಗೆ ಕೊಂಡಿತು. ಅಂದ್ರೆ ಒಂದಕ್ಕೆ 11 ಡಾಲರ್ ಚಿಲ್ಲರೆ. ಸುಮಾರು ಹತ್ತು ವರ್ಷದಲ್ಲಿ ಆ ದರ 50 ಡಾಲರ್ ದಾಟಿತ್ತು. ಅಮೆಜಾನ್‌ನ ಕ್ಲೌಡ್ ವಿಭಾಗ 2024ರ ಫೆಬ್ರುವರಿ 1ರಿಂದ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಹಾಕಿದೆ. ವರ್ಷ ಪೂರ್ತಿ ಇಟ್ಕೊಂಡ್ರೆ ಒಂದು ವಿಳಾಸಕ್ಕೆ ಹತ್ತಿರ ಹತ್ತಿರ 44 ಡಾಲರ್. ಹಳ್ಳಿ ಆಪರೇಟರ್ ತಿಂಗಳಿಗೆ ನಾಲ್ಕೈದು ನೂರು ರೂಪಾಯಿ ಪ್ಲಾನ್ ಮಾರುವವ, ಈ ದರಕ್ಕೆ ಮನೆಗೊಂದು ಹೆಂಗ ಕೊಡ್ತಾನ?

ಹಾಗಾಗಿ ಪಿಪಿ ನಂಬರನ್ನೇ ಊರಿನ ಮಟ್ಟಕ್ಕೆ ಏರಿಸಿದರು. ಇದನ್ನ ಸಿಜಿನ್ಯಾಟ್ ಅಂತ ಕರೀತಾರ. ಇಲ್ಲಿ ನಿಮ್ಮ ಮನೆ ರೌಟರಿಗೂ ಖರೆ ವಿಳಾಸ ಸಿಗೋದಿಲ್ಲ. ಕಂಪನಿಯ ದೊಡ್ಡ ಯಂತ್ರ ನೂರಾರು ಮನೆಗಳನ್ನ ಒಂದೇ ಹೊರಗಿನ ವಿಳಾಸದ ಹಿಂದೆ ನಿಲ್ಲಿಸ್ತದ. ನರೋಣಾದ ಒಂದು ಮನೆ, ಆಳಂದದ ಒಂದು ಅಂಗಡಿ, ಅಫಜಲಪುರದ ಒಂದು ಹಾಸ್ಟೆಲ್ ಮೂರೂ ಹೊರಗಿನ ಜಗತ್ತಿಗೆ ಒಂದೇ ವಿಳಾಸವಾಗಿ ಕಾಣಬಹುದು. ಈ ಕೆಲಸಕ್ಕೆ ಅಂತ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನ ಪ್ರತ್ಯೇಕವಾಗಿ ಮೀಸಲಿಟ್ಟರು.

ಈಗ ಆ ಮೂರು ಪ್ರಶ್ನೆಗೆ ವಾಪಸ್ ಬರೋಣ. ಪಿಪಿ ನಂಬರಿನಿಂದ ನೀವು ಹೊರಗೆ ಫೋನ್ ಮಾಡೋದು ಸುಲಭ, ಹೊರಗಿನವರು ನಿಮ್ಮನ್ನ ಹುಡುಕೋದು ಕಷ್ಟ. ಕ್ಯಾಮೆರಾದ ಕಥೆ ಇದೇ. ಕಲಬುರಗಿಯಿಂದ ನೀವು ಹೊಲದ ಕ್ಯಾಮೆರಾವನ್ನ ಕರೆದಾಗ ಕಂಪನಿಯ ಯಂತ್ರಕ್ಕೆ "ಇದು ಯಾರ ಕ್ಯಾಮೆರಾಕ್ಕೆ ಬಂದ ಕರೆ?" ಅಂತ ತಿಳಿಯೋದಿಲ್ಲ, ಬಿಟ್ಟುಬಿಡ್ತದ. ಆ್ಯಪ್ ಮೂಲಕ ನೋಡುವ ಕ್ಯಾಮೆರಾಗಳು ಸಾಮಾನ್ಯವಾಗಿ ತಯಾರಕರ ಸರ್ವರಿನ ಸಹಾಯದಿಂದ ಈ ಗೋಡೆ ದಾಟ್ತಾವ. ಅಂದ್ರೆ ನಿಮ್ಮ ಹೊಲದ ದೃಶ್ಯ ನಿಮ್ಮ ಕೈಗೆ ಬರಬೇಕಾದ್ರೂ ನಡುವೆ ಇನ್ನೊಬ್ಬರ ಮನೆ ಹಾದು ಬರಬೇಕು. ಗೇಮಿನ "ಸ್ಟ್ರಿಕ್ಟ್" ಕೂಡ ಅದೇ ಗೋಡೆ. ಇನ್ನು ವೆಬ್‌ಸೈಟು ನಿಮ್ಮನ್ನ ತಡೆದಿದ್ದು ಯಾಕಂದ್ರೆ, ಅದೇ ವಿಳಾಸದಿಂದ ಬೇರೆ ಎಷ್ಟೋ ಮಂದಿ ಅದೇ ಹೊತ್ತಿಗೆ ಬಂದಿರ್ತಾರ. ಅರ್ಜಿ ಹಾಕುವ ಕೊನೇ ದಿನ ಸಂಜೆ ಇದು ಬಹಳ ದುಬಾರಿ ಆಗ್ತದ.

ವಿಳಾಸ ಅಂದ್ರೆ ಮನುಷ್ಯ ಅಲ್ಲ

ಈಗ ಬೆಂಗಳೂರಿನ ಪ್ರಕರಣ. 2007ರ ಆಗಸ್ಟ್ 31ರಂದು ಪುಣೆ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರನ್ನ ಬಂಧಿಸಿದರು. ಆಗ ಎಲ್ಲರೂ ಬಳಸ್ತಿದ್ದ ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರನ್ನ ಅವಮಾನಿಸುವ ಚಿತ್ರ ಹಾಕಿದ ಆರೋಪ. ಆಧಾರ ಒಂದು ಐಪಿ ವಿಳಾಸ. ಆ ವಿಳಾಸ ಬಳಸಿದವರು ಯಾರು ಅಂತ ಪೊಲೀಸರು ಇಂಟರ್ನೆಟ್ ಸೇವೆಯ ಕಂಪನಿಯನ್ನ ಕೇಳಿದಾಗ ಈ ಎಂಜಿನಿಯರ್ ಹೆಸರು ಬಂದಿತ್ತು.

ಆ ಮಾಹಿತಿಯೇ ತಪ್ಪಾಗಿತ್ತು. ಆ ವಿಳಾಸ ಅವರದ್ದಾಗಿರಲಿಲ್ಲ. ಅದು ಗೊತ್ತಾಗಿ ಅವರು ಹೊರಗೆ ಬರೋ ಹೊತ್ತಿಗೆ 50 ದಿನ ಜೈಲಿನಲ್ಲಿ ಕಳೆದಿದ್ದರು.

ಒಂದು ವಿಷಯ ಸ್ಪಷ್ಟ ಮಾಡ್ತೀನಿ: ಇದು ಸಿಜಿನ್ಯಾಟ್‌ನಿಂದ ಆದ ಪ್ರಕರಣ ಅಲ್ಲ, ದಾಖಲೆಯಲ್ಲಿ ಆದ ತಪ್ಪು. ಆದ್ರೂ ಇವತ್ತು ಇದನ್ನ ಹೇಳೋದಕ್ಕೆ ಕಾರಣ ಅದ. ಒಂದು ಹೊತ್ತಿಗೆ ಒಂದು ವಿಳಾಸ ಒಬ್ಬರದೇ ಆಗಿದ್ರೂ ಹೆಸರು ತಪ್ಪಬಹುದು ಅಂತ ಆ ಪ್ರಕರಣ ತೋರಿಸ್ತು. ಈಗ ಅದೇ ವಿಳಾಸವನ್ನ ಅದೇ ಕ್ಷಣದಲ್ಲಿ ನೂರಾರು ಮಂದಿ ಬಳಸ್ತಾರ. ತಪ್ಪೋ ಸಾಧ್ಯತೆ ಎಷ್ಟು ಹೆಚ್ಚಾಯ್ತು ನೋಡ್ರಿ.

ಹಂಗಾದ್ರೆ ಸರಿಯಾದ ಮನುಷ್ಯನನ್ನ ಗುರುತಿಸೋದು ಹೆಂಗ? ಮೂರೂ ಒಟ್ಟಿಗೆ ಬೇಕು: ಐಪಿ ವಿಳಾಸ, ನಿಖರವಾದ ಸಮಯ, ಮತ್ತೆ ನಾನು ನೆನಪಿಟ್ಕೊಳ್ರಿ ಅಂದಿದ್ದ ಪೋರ್ಟ್ ನಂಬರ್. ಸರ್ವರ್ ನಡೆಸುವವರು ಇವೆಲ್ಲವನ್ನೂ ಬರೆದಿಡಬೇಕು ಅಂತ ಇಂಟರ್ನೆಟ್ ನಿಯಮ ರೂಪಿಸುವ ಐಇಟಿಎಫ್ 2011ರಲ್ಲೇ ಸಲಹೆ ಕೊಟ್ಟಿದೆ. ಪೋರ್ಟ್ ಬರೆದಿಡದ ವೆಬ್‌ಸೈಟಿನಿಂದ ಬರೀ ವಿಳಾಸ ಸಿಕ್ರೆ, ಅದು ಇಡೀ ಓಣಿಯ ಹೆಸರು ಕೊಟ್ಟಂಗ. ಸಮಯದಲ್ಲೂ ಒಂದು ಗುಂಡಿ ಅದ. ಎಷ್ಟೋ ಸರ್ವರುಗಳು ಜಾಗತಿಕ ಸಮಯ ಬರೆದಿಡ್ತಾವ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆ ಐದೂವರೆ ಗಂಟೆ ಸೇರಿಸೋದು ಮರೆತ್ರೆ ಬೆರಳು ಇನ್ಯಾರದೋ ಕಡೆಗೆ ಹೋಗ್ತದ.

ಭಾರತದಲ್ಲಿ ಇಂಟರ್ನೆಟ್ ಕಂಪನಿಗಳು ಯಾವ ಗ್ರಾಹಕರಿಗೆ ಯಾವ ಹೊತ್ತಿಗೆ ಯಾವ ವಿಳಾಸ ಕೊಟ್ಟಿದ್ವು ಅನ್ನೋ ದಾಖಲೆ ಇಡಲೇಬೇಕು, ಲೈಸೆನ್ಸಿನ ಷರತ್ತದು. ಕನಿಷ್ಠ ಎರಡು ವರ್ಷ ಇಡಬೇಕು ಅಂತ 2021ರ ಡಿಸೆಂಬರಿನಲ್ಲಿ ದೂರಸಂಪರ್ಕ ಇಲಾಖೆ ತಿದ್ದುಪಡಿ ಮಾಡಿತು. ಆದ್ರೆ ಆ ಕಡೆಯ ವೆಬ್‌ಸೈಟು ಪೋರ್ಟ್ ಕೊಡದಿದ್ರೆ ಈ ಕಡೆಯ ದಾಖಲೆ ಇದ್ದೂ ಪ್ರಯೋಜನ ಕಡಿಮೆ. ಇದು ನಮ್ಮ ದೇಶದ ತೊಂದರೆ ಮಾತ್ರ ಅಲ್ಲ. ಅಪರಾಧ ತನಿಖೆಗೆ ಸಿಜಿನ್ಯಾಟ್ ಅಡ್ಡ ಬರ್ತಿದೆ, ನಿರಪರಾಧಿಗಳೂ ತನಿಖೆಯೊಳಗ ಸಿಕ್ಕಿಬೀಳಬಹುದು ಅಂತ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ 2017ರಲ್ಲಿ ಬಹಿರಂಗವಾಗಿ ಹೇಳಿತ್ತು.

ಖರೆ ಪರಿಹಾರ ಆಗಲೇ ನಿಮ್ಮ ಕಿಸೆಯಲ್ಲಿದೆ

ಪಿಪಿ ನಂಬರಿನ ಕಾಲ ಮುಗಿದದ್ದು ಎಲ್ಲರಿಗೂ ಸ್ವಂತ ನಂಬರ್ ಬಂದಾಗ. ಇಂಟರ್ನೆಟ್ಟಿಗೂ ಆ ಪರಿಹಾರ ತಯಾರಾಗಿ ದಶಕಗಳಾದ್ವು. ಅದರ ಹೆಸರು ಐಪಿವಿ6. ನಿಯಮಾವಳಿ ಬಂದಿದ್ದು 1998ರ ಡಿಸೆಂಬರಿನಲ್ಲಿ. ("ನಡುವಿನ 5 ಎಲ್ಲಿ ಹೋಯ್ತು?" ಅಂದ್ರೆ, ಆ ಸಂಖ್ಯೆಯನ್ನ ಬೇರೊಂದು ಪ್ರಯೋಗಕ್ಕೆ ಕೊಟ್ಟುಬಿಟ್ಟಿದ್ದರು.)

ಐಪಿವಿ6ರಲ್ಲಿ ವಿಳಾಸದ ಉದ್ದ 128 ಬಿಟ್. ಒಟ್ಟು ಎಷ್ಟಾಗ್ತದ ಅಂದ್ರೆ 340 ಬರೆದು ಮುಂದೆ 36 ಸೊನ್ನೆ ಹಾಕ್ರಿ, ಹತ್ತಿರ ಹತ್ತಿರ ಅಷ್ಟು. ಇದು ತಲೆಗೆ ಹೋಗೋದಿಲ್ಲ, ಹೀಗೆ ನೋಡ್ರಿ: ಒಂದು ಮನೆಗೆ ಕೊಡುವ ಸಣ್ಣ ಗಂಟಿನೊಳಗೇ ಹಳೇ ಇಂಟರ್ನೆಟ್‌ನಂಥ 429 ಕೋಟಿ ಇಂಟರ್ನೆಟ್ಟುಗಳು ಕೂರ್ತಾವ. ಹಂಚಿಕೊಳ್ಳುವ ಪ್ರಶ್ನೆಯೇ ಬರೋದಿಲ್ಲ.

ಹಂಗಿದ್ರೆ ಯಾಕ ಇಷ್ಟು ತಡ? ಹಳೇ ಭಾಷೆ ಮಾತ್ರ ಗೊತ್ತಿರುವ ಯಂತ್ರಕ್ಕೆ ಹೊಸ ಭಾಷೆ ತಿಳಿಯೋದಿಲ್ಲ. ಒಂದು ರಾತ್ರಿಯಲ್ಲಿ ಬದಲಾಯಿಸೋ ಹಂಗಿಲ್ಲ, ಎರಡನ್ನೂ ಜೊತೆಗೆ ನಡೆಸಬೇಕು. ವೆಬ್‌ಸೈಟಿನವರು "ಬಳಸುವವರು ಮೊದಲು ಬರಲಿ" ಅಂತಾರ, ಇಂಟರ್ನೆಟ್ ಕಂಪನಿಯವರು "ವೆಬ್‌ಸೈಟುಗಳು ಮೊದಲು ಬರಲಿ" ಅಂತಾರ. ನ್ಯಾಟ್ ಹೆಂಗೋ ಕೆಲಸ ನಡೆಸಿಕೊಟ್ಟಿದ್ದರಿಂದ ಯಾರಿಗೂ ಅವಸರ ಇರಲಿಲ್ಲ. 2012ರ ಜೂನ್ 6ರಂದು ಗೂಗಲ್, ಫೇಸ್‌ಬುಕ್‌ನಂಥ ದೊಡ್ಡ ಕಂಪನಿಗಳು ಒಟ್ಟಾಗಿ ಐಪಿವಿ6 ಅನ್ನ ಕಾಯಂ ಶುರು ಮಾಡಿದ ಮೇಲೆ ಗಾಡಿ ಮುಂದಕ್ಕೆ ಹೋಯ್ತು.

ತಡವಾಗಿ ಬಂದ ನಮಗೆ ಇಲ್ಲೊಂದು ಲಾಭ ಆಯ್ತು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದಾಗ ಕೋಟಿ ಕೋಟಿ ಮಂದಿಗೆ ಒಟ್ಟಿಗೆ ಸಂಪರ್ಕ ಕೊಡಬೇಕಿತ್ತು. ಅಷ್ಟು ಹಳೇ ವಿಳಾಸ ಎಲ್ಲಿಂದ ತರೋದು? ಅದು ಐಪಿವಿ6 ಇಟ್ಕೊಂಡೇ ಜಾಲ ಕಟ್ಟಿತು. ಉಳಿದ ಮೊಬೈಲ್ ಕಂಪನಿಗಳೂ ಆ ದಾರಿ ಹಿಡಿದ್ವು. ಗೂಗಲ್ ಲೆಕ್ಕದಲ್ಲಿ ಭಾರತದ ಬಳಕೆದಾರರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಈಗ ಐಪಿವಿ6ನಿಂದ ಬರ್ತಾರ. ಜಗತ್ತಿನಲ್ಲೇ ಮುಂಚೂಣಿ ದೇಶಗಳ ಸಾಲಿನಲ್ಲಿ ನಾವಿದ್ದೀವಿ.

ಆದ್ರೆ ಮೊಬೈಲಿನಲ್ಲಿ ಆದಷ್ಟು ಕೆಲಸ ಮನೆಯ ಫೈಬರಿನಲ್ಲಿ ಆಗಿಲ್ಲ. 2022ರ ಡಿಸೆಂಬರ್ 31ರ ನಂತರ ಕೊಡುವ ಹೊಸ ತಂತಿ ಸಂಪರ್ಕಗಳೆಲ್ಲ ಐಪಿವಿ6ಗೆ ತಯಾರಿರಬೇಕು ಅಂತ ದೂರಸಂಪರ್ಕ ಇಲಾಖೆ ಗಡುವು ಕೊಟ್ಟಿತ್ತು. ಸರ್ಕಾರಿ ಸಂಸ್ಥೆಗಳಿಗೆ ಕೊಟ್ಟ ಗಡುವು 2022ರ ಜೂನ್ 30. ನಿಮ್ಮ ಕಡೆ ಐಪಿವಿ6 ಇದ್ದು ಆ ಕಡೆ ವೆಬ್‌ಸೈಟಿನಲ್ಲಿ ಇಲ್ಲದಿದ್ರೆ, ಮತ್ತೆ ಹಳೇ ಹಂಚಿಕೆ ವಿಳಾಸದ ಮೂಲಕವೇ ಹೋಗಬೇಕು. ಅದಕ್ಕೇ ಎರಡೂ ಕಡೆ ಕೆಲಸ ಆಗಬೇಕು.

ಈಗ ಫೋನ್ ತೆಗೀರಿ

ಸೆಟ್ಟಿಂಗ್ಸ್ ಒಳಗ ಫೋನಿನ ಮಾಹಿತಿ ಇರುವ ಕಡೆ "ಐಪಿ ಅಡ್ರೆಸ್" ನೋಡ್ರಿ. ಉದ್ದಕ್ಕೆ ಎರಡು ಚುಕ್ಕಿಗಳಿಂದ ಬೇರ್ಪಟ್ಟು, ಅಂಕಿಗಳ ಜೊತೆ ಎ ಇಂದ ಎಫ್ ತನಕ ಅಕ್ಷರ ಇದ್ರೆ ಅದು ಐಪಿವಿ6. ಜಿಯೋ ಸಿಮ್ ಆದ್ರೆ ಸಾಮಾನ್ಯವಾಗಿ 2409ರಿಂದ, ಏರ್‌ಟೆಲ್ ಆದ್ರೆ 2401ರಿಂದ ಶುರುವಾಗ್ತದ. ವೈಫೈಗೆ ಹಾಕಿ ಇನ್ನೊಮ್ಮೆ ನೋಡ್ರಿ. 192.168 ಮಾತ್ರ ಕಾಣಿಸಿದ್ರೆ ಮನೆ ಸಂಪರ್ಕದಲ್ಲಿ ಐಪಿವಿ6 ಇನ್ನೂ ಬಂದಿಲ್ಲ ಅಂತ ತಿಳ್ಕೊಳ್ರಿ. ರೌಟರಿನ ಸೆಟ್ಟಿಂಗ್ಸ್‌ನಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಇದ್ರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ.

ಆಮೇಲೆ ಆಪರೇಟರಿಗೆ ಫೋನ್ ಮಾಡಿ ಒಂದೇ ಮಾತು ಕೇಳ್ರಿ: "ಅಣ್ಣಾರ, ನಮ್ಮ ಕನೆಕ್ಷನ್‌ಗೆ ಐಪಿವಿ6 ಯಾವಾಗ ಆನ್ ಮಾಡ್ತೀರಿ?" ಕೆಲವು ಸಲ ರೌಟರಿನಲ್ಲಿ ಒಂದು ಗುಂಡಿ ಆನ್ ಮಾಡೋದಷ್ಟೇ ಬಾಕಿ ಇರ್ತದ. ಹೊಸ ರೌಟರ್, ಹೊಸ ಕ್ಯಾಮೆರಾ ಕೊಳ್ಳುವಾಗಲೂ ಐಪಿವಿ6 ನಡೀತದಾ ಅಂತ ಕೇಳಿ ತಗೊಳ್ರಿ.

ಎರಡು ಎಚ್ಚರಿಕೆ. ಐಪಿವಿ6 ಬಂದ ಮೇಲೆ ಹೊರಗಿನವರು ನಿಮ್ಮ ಸಾಧನವನ್ನ ನೇರ ಕರೆಯೋಕೆ ದಾರಿ ತೆರೀತದ. ಅದಕ್ಕೇ ರೌಟರಿನ ಫೈರ್‌ವಾಲ್ ಆಫ್ ಮಾಡಬ್ಯಾಡ್ರಿ, ಕ್ಯಾಮೆರಾ ಜೊತೆ ಬಂದ ಪಾಸ್‌ವರ್ಡನ್ನ ಮೊದಲ ದಿನವೇ ಬದಲಾಯಿಸ್ರಿ. ಎರಡನೇದು, ಅಂಗಡಿ ವೈಫೈ ಪಾಸ್‌ವರ್ಡ್ ಓಣಿ ತುಂಬ ಹಂಚಬ್ಯಾಡ್ರಿ. ಯಾರು ಏನೇ ಮಾಡಿದ್ರೂ ಮೊದಲು ಬರೋ ಹೆಸರು ಬಿಲ್ ಕಟ್ಟುವವರದ್ದು.

ಒಂದು ವೇಳೆ "ನಿಮ್ಮ ಐಪಿಯಿಂದ ತಪ್ಪಾಗಿದೆ" ಅಂತ ಯಾರಾದ್ರೂ ಅಧಿಕೃತವಾಗಿ ಕೇಳಿದ್ರೆ ಗಾಬರಿ ಆಗಬ್ಯಾಡ್ರಿ, ಸಿಟ್ಟೂ ಮಾಡಬ್ಯಾಡ್ರಿ. ಯಾವ ದಿನ, ಯಾವ ಸಮಯ, ಅದು ಭಾರತದ ಸಮಯವೋ ಜಾಗತಿಕ ಸಮಯವೋ, ಪೋರ್ಟ್ ನಂಬರ್ ಏನು, ಇವನ್ನ ವಿನಯದಿಂದ ಕೇಳ್ರಿ. ವಕೀಲರನ್ನ ಜೊತೆಗೆ ಕರ್ಕೊಳ್ರಿ. ಬರೀ ಒಂದು ವಿಳಾಸದಿಂದ ಒಬ್ಬ ಮನುಷ್ಯನನ್ನ ಗುರುತಿಸೋಕೆ ಆಗೋದಿಲ್ಲ ಅನ್ನೋದು ನಿಮಗೂ ಗೊತ್ತಿರಲಿ, ನಿಮ್ಮ ವಕೀಲರಿಗೂ ಗೊತ್ತಿರಲಿ.

ಇವತ್ತಿಗೆ ಇಷ್ಟು. ನಿಮ್ಮ ವೈಫೈನಲ್ಲಿ ಯಾವ ವಿಳಾಸ ಕಂಡಿತು, 192.168 ಒಂದೇನಾ ಅಥವಾ ಐಪಿವಿ6 ಕೂಡ ಅದಾ ಅಂತ ನೋಡಿ ನಮಗೆ ತಿಳಿಸ್ರಿ. ಪೂರ್ತಿ ವಿಳಾಸ ಮಾತ್ರ ಯಾರಿಗೂ ಕಳಿಸಬ್ಯಾಡ್ರಿ, ಮೊದಲ ನಾಲ್ಕು ಅಂಕಿ ಸಾಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಬರ್ತೀನ್ರಿ.